ಪಾಟಿ ಬೇರೆ, ಕೀರ್ದಿ ಬೇರೆ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕೆಲವು ಮನೆಗಳಲ್ಲಿ ಈಗ ಒಂದು ಹೊಸ ಬಗೆಯ ಉದ್ಯೋಗವು ನೆಲೆಗೊಂಡಿರುವದು. ಮಗನೋ ಮಗಳೋ ಸೊಸೆಯೋ ಮನೆಯ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಬೆಂಗಳೂರಿನ ಇಲ್ಲವೆ ಪರದೇಶದ ಕಂಪನಿಯ ಸಾಫ್ಟ್‌ವೇರ್ ಕೆಲಸವನ್ನು ಮಾಡುವರು. "ನಿನ್ನ ಕಚೇರಿ ಎಲ್ಲಿ?" ಎಂದು ಹಿರಿಯರು ಕೇಳಿದರೆ "ಕ್ಲೌಡಿನಲ್ಲಿ" ಎಂಬ ಉತ್ತರವು ಬರುವದು. ಮೋಡದಲ್ಲಿ ಕಚೇರಿಯೆಂದರೆ ಗಂಧರ್ವನಗರವೇ ಸರಿ ಎಂದು ನಕ್ಕು ಸುಮ್ಮನಾಗುವ ಹಿರಿಯರೇ ಹೆಚ್ಚು. ಆದರೆ ಅದು ಗಂಧರ್ವನಗರವಲ್ಲ. ಅದಕ್ಕೆ ಬಾಡಿಗೆಯುಂಟು, ಬೀಗವುಂಟು, ಶಿಸ್ತೂ ಉಂಟು. ಆ ಶಿಸ್ತು ತಪ್ಪಿದರೆ ಆಗುವ ಹಾನಿಯು ದೂರದ ಕಂಪನಿಗಷ್ಟೇ ನಿಲ್ಲದೆ ನಮ್ಮೂರ ಪೇಟೆಯವರೆಗೂ ಬರಬಲ್ಲದು. ಆದ್ದರಿಂದ ಈ ಮಾಸದಲ್ಲಿ ಅದನ್ನೇ ವಿಚಾರಿಸುವೆವು.

ಮೊದಲು ಶಬ್ದಗಳ ಅರ್ಥವನ್ನು ತಿಳಿದುಕೊಳ್ಳುವದು ಉಚಿತವು. ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರುಗಳನ್ನಿಟ್ಟು, ಅವುಗಳ ಶಕ್ತಿಯನ್ನು ಇಂಟರ್ನೆಟ್ಟಿನ ದ್ವಾರಾ, ಬಳಸಿದಷ್ಟು ಹೊತ್ತಿಗೆ ಲೆಕ್ಕಮಾಡಿ ಬಾಡಿಗೆಗೆ ಕೊಡುವ ವ್ಯವಸ್ಥೆಗೆ ಕ್ಲೌಡ್ ಎಂದು ಹೆಸರು. ದೊಡ್ಡ ಸಾಫ್ಟ್‌ವೇರನ್ನು ಹತ್ತಾರು ಜನರು ಕೂಡಿ ಬರೆಯುವರು. ಅದರ ಮೂಲಪ್ರತಿಯು ಒಂದು ಸಾಮಾಯಿಕ ಭಂಡಾರದಲ್ಲಿರುವದು. ಪ್ರತಿಯೊಬ್ಬ ಕೆಲಸಗಾರನಿಗೂ ಬಾಡಿಗೆಯ ಕಂಪ್ಯೂಟರಿನಲ್ಲಿ ಒಂದೊಂದು ಪ್ರತ್ಯೇಕ ಸ್ಥಳವನ್ನು ಗೊತ್ತುಮಾಡಿ, ಅಲ್ಲಿ ಮೂಲದ ಒಂದು ನಕಲನ್ನೂ ಬೇಕಾಗುವ ಉಪಕರಣಗಳನ್ನೂ ಇಟ್ಟುಕೊಡುವರು. ಇದಕ್ಕೇ ಡೆವಲಪರ್ ವರ್ಕ್‌ಸ್ಪೇಸ್ ಎನ್ನುವರು. ನಾವು ಇದನ್ನು ಕಾರ್ಯಸ್ಥಾನವೆಂದು ಕರೆಯುವೆವು.

ಪ್ರತ್ಯೇಕ ಸ್ಥಳವೇತಕ್ಕೆ? ಹಿಂದಿನ ಗಾಂವಟಿ ಶಾಲೆಗಳಲ್ಲಿ ಮಗುವಿಗೆ ಮೊದಲು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಆಮೇಲೆ ಪಾಟಿ-ಬಳಪಗಳನ್ನು ಕೊಟ್ಟು, ಕೈ ಕುದುರಿದ ತರುವಾಯವೇ ಕಾಗದವನ್ನು ಕೊಡುತ್ತಿದ್ದರು. ಪಾಟಿಯ ಮೇಲಿನ ತಪ್ಪು ಒದ್ದೆಯ ಬಟ್ಟೆಯಿಂದ ಒರೆಸಿದರೆ ಹೋಗುವದು. ಅದೇ ತಪ್ಪು ಅಂಗಡಿಯ ಕೀರ್ದಿಯಲ್ಲಾದರೆ ಸಾಹುಕಾರನ ಲೆಕ್ಕವೇ ಕೆಡುವದು. ಕಾರ್ಯಸ್ಥಾನವು ಪಾಟಿ; ಜನರು ನಿತ್ಯವೂ ಬಳಸುತ್ತಿರುವ ವ್ಯವಸ್ಥೆಯು ಕೀರ್ದಿ. ಇಂಥ ಪ್ರಯೋಗಸ್ಥಳಕ್ಕೆ ಇಂಗ್ಲಿಷರು ಸ್ಯಾಂಡ್‌ಬಾಕ್ಸ್, ಅಂದರೆ ಮರಳಿನ ಪೆಟ್ಟಿಗೆ, ಎಂದೇ ಹೆಸರಿಟ್ಟಿರುವದು ವಿನೋದದ ಸಂಗತಿಯು.

ಬ್ಯಾಡಗಿಯ ಪೇಟೆಯನ್ನೇ ನೋಡಿರಿ. ಇಲ್ಲಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಸೋಮವಾರ ಗುರುವಾರಗಳ ವ್ಯಾಪಾರದಲ್ಲಿ ಪ್ರತಿಯೊಬ್ಬ ರೈತನ ಮಾಲಿಗೂ ಬೇರೆ ಲಾಟ್ ನಂಬರು. ವ್ಯಾಪಾರಿಗಳು ಮಾಲನ್ನು ನೋಡಿ ತಮ್ಮ ದರವನ್ನು ಕಂಪ್ಯೂಟರಿನಲ್ಲಿ ನಮೂದಿಸುವರು. ಹೊತ್ತು ಮುಗಿದ ಮೇಲೆ ಯಾವ ಲಾಟಿಗೆ ಯಾರ ದರವು ಹೆಚ್ಚಿನದೆಂಬದು ಪ್ರಕಟವಾಗುವದು. ಕರ್ನಾಟಕದ ಪೇಟೆಗಳನ್ನು ಈ ಬಗೆಯಾಗಿ ಜೋಡಿಸುವದಕ್ಕೆಂದೇ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆಯು ೨೦೧೪ರಲ್ಲಿ ಸ್ಥಾಪಿತವಾಯಿತು. ಇನ್ನು, ಇಂಥ ಒಂದು ವ್ಯವಸ್ಥೆಯ ಲೆಕ್ಕದ ಕ್ರಮದಲ್ಲಿ ಸಣ್ಣ ತಿದ್ದುಪಡಿಯೊಂದನ್ನು ಮಾಡಬೇಕಾಗಿದೆಯೆಂದು ಸುಮ್ಮನೆ ಕಲ್ಪಿಸಿಕೊಳ್ಳಿರಿ. ಹೊಸ ಕೆಲಸಗಾರನು ಅದನ್ನು ತನ್ನ ಕಾರ್ಯಸ್ಥಾನದಲ್ಲಿ ಪರೀಕ್ಷಿಸದೆ, ನಡುಮಧ್ಯಾಹ್ನ ನಡೆಯುತ್ತಿರುವ ವ್ಯವಸ್ಥೆಯ ಮೇಲೆಯೇ ಪ್ರಯೋಗಿಸಿದನೆಂದರೆ, ವರುಷವೆಲ್ಲ ಬೆವರು ಸುರಿಸಿದ ರೈತನ ಚೀಲದ ದರವೇ ಏರುಪೇರಾದೀತು! ರೈತನು ಆ ಕೆಲಸಗಾರನ ಮುಖವನ್ನು ಕಂಡವನಲ್ಲ, ಕೆಲಸಗಾರನು ಆ ಚೀಲವನ್ನು ಕಂಡವನಲ್ಲ. ಹೀಗೆ ಕಾಣದವರ ಹಿತವನ್ನು ಕಾಯುವದಕ್ಕಾಗಿಯೇ ಪಾಟಿ ಬೇರೆ, ಕೀರ್ದಿ ಬೇರೆಯಾಗಿರಬೇಕು.

ಪಾಟಿಯ ಮೇಲಿನದು ಭಂಡಾರಕ್ಕೆ ಸೇರುವ ಕ್ರಮವೆಂತಹದು? ಲಿನಸ್ ಟೋರ್ವಾಲ್ಡ್ಸ್ ಎಂಬವರು ೨೦೦೫ರಲ್ಲಿ ರಚಿಸಿದ ಗಿಟ್ ಎಂಬ ಸಾಧನವು ಈಗ ಈ ಕೆಲಸಕ್ಕೆ ಲೋಕದ ತುಂಬ ಬಳಕೆಯಲ್ಲಿರುವದು. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರೆಂಬದೆಲ್ಲವೂ ಅದರಲ್ಲಿ ದಾಖಲಾಗುವದು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ೧೯೧೯ರಿಂದ ೧೯೬೬ರ ವರೆಗೆ ಮಹಾಭಾರತದ ಪರಿಷ್ಕರಣವು ನಡೆದ ಬಗೆಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವದು. ಅಲ್ಲಿ ನಾನಾ ಪ್ರಾಂತಗಳ ಹಸ್ತಪ್ರತಿಗಳನ್ನು ಒಂದರೊಡನೊಂದು ಕಲೆಸಿಬಿಡದೆ, ಪ್ರತಿಯೊಂದರ ಪಾಠಭೇದವನ್ನೂ ಬೇರೆಯಾಗಿ ಗುರುತಿಸಿ, ಬಲ್ಲ ಸಂಪಾದಕರು ಪಾಠನಿರ್ಣಯ ಮಾಡಿದರು. ಇಲ್ಲಿಯೂ ಹಾಗೆಯೇ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಯಂತ್ರವು ಅದನ್ನು ಎತ್ತಿ ತೋರಿಸುವದು. ನಿರ್ಣಯವನ್ನು ಮಾತ್ರ ಮನುಷ್ಯನೇ ಮಾಡಬೇಕು. ಒಬ್ಬನು ಬರೆದದ್ದನ್ನು ಮತ್ತೊಬ್ಬನು ಓದಿ ಒಪ್ಪಿದ ಹೊರತು ಮೂಲಕ್ಕೆ ಸೇರಿಸದಿರುವದೇ ಒಳ್ಳೆಯ ಪದ್ಧತಿಯು.

ಪಾಟಿ-ಕೀರ್ದಿಗಳ ಗುರುತು ತಪ್ಪಿದರೆ ಏನಾಗುವದೆಂಬದಕ್ಕೆ ನಡೆದ ದೃಷ್ಟಾಂತವೇ ಉಂಟು. ಗಿಟ್‌ಲ್ಯಾಬ್ ಎಂಬ ಕಂಪನಿಯು ಲೋಕದ ಸಾಫ್ಟ್‌ವೇರ್ ಬರಹಗಳಿಗೆ ಭಂಡಾರವನ್ನು ಒದಗಿಸುವಂಥದು. ೨೦೧೭ರ ಜನವರಿ ೩೧ರ ರಾತ್ರಿ ಅದರ ನೌಕರನೊಬ್ಬನು ಎರಡನೆಯ ಯಂತ್ರದಲ್ಲಿಯ ದತ್ತಾಂಶವನ್ನು ಅಳಿಸಲು ಹೋಗಿ ಮುಖ್ಯ ಯಂತ್ರದಲ್ಲಿಯದನ್ನೇ ಅಳಿಸಿದನು. ಒಂದೆರಡು ಕ್ಷಣಗಳಲ್ಲಿಯೇ ಎಚ್ಚತ್ತು ತಡೆದರೂ ಸುಮಾರು ೩೦೦ ಗಿಗಾಬೈಟುಗಳಲ್ಲಿ ಉಳಿದದ್ದು ೪.೫ ಮಾತ್ರ! ಆಪತ್ತಿಗೆಂದು ಇಟ್ಟುಕೊಂಡಿದ್ದ ನಕಲಿನ ಏರ್ಪಾಡುಗಳು ಆ ಹೊತ್ತಿಗೆ ಕೈಕೊಟ್ಟವು. ಕೊನೆಗೆ ಕಾಪಾಡಿದ್ದು ಯಾವದು? ಆರು ಗಂಟೆಗಳ ಮೊದಲು ಪ್ರಯೋಗದ ಸ್ಥಳಕ್ಕೆಂದು ತೆಗೆದಿದ್ದ ಒಂದು ನಕಲು. ಪಾಟಿಗೆಂದು ಇಳಿಸಿಕೊಂಡದ್ದೇ ಕೀರ್ದಿಯನ್ನು ಉಳಿಸಿತು. ನಡುವಿನ ಆರು ಗಂಟೆಗಳ ದಾಖಲೆಗಳು ಮಾತ್ರ ಮರಳಿ ಬರಲಿಲ್ಲ.

ಇದರಲ್ಲಿ ಮೆಚ್ಚತಕ್ಕ ಅಂಶವೂ ಒಂದಿರುವದು. ಆ ಕಂಪನಿಯು ನಡೆದದ್ದನ್ನೆಲ್ಲ ಬಹಿರಂಗವಾಗಿ ಬರೆದು, ದೋಷವನ್ನು ಒಬ್ಬನ ತಲೆಗೆ ಕಟ್ಟದೆ, ವ್ಯವಸ್ಥೆಯಲ್ಲಿ ಹುಡುಕಿತು. ಯಾವ ಯಂತ್ರದಲ್ಲಿ ಕುಳಿತಿರುವೆನೆಂಬದು ಕೆಲಸಗಾರನಿಗೆ ಸ್ಪಷ್ಟವಾಗಿ ಕಾಣುವಂತೆ ಮಾಡಲು ನಿಶ್ಚಯಿಸಿತು. ನಮ್ಮ ಮತವೂ ಇದೇ. ಸಣ್ಣ ಊರಿನಿಂದ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಕೈಗೆ ಮೊದಲ ದಿನವೇ ಕೀರ್ದಿಯ ಬೀಗದಕೈಯನ್ನೂ ಕೊಟ್ಟು, ತಪ್ಪಾದಾಗ ಅವರನ್ನೇ ಗದರಿಸುವ ಮೇಲ್ವಿಚಾರಕನು ಪಾಟಿಯನ್ನು ಕೊಡದೆ ಮಗುವನ್ನು ಹೊಡೆದ ಪಂತೋಜಿಗೆ ಸಮಾನನು. ಅಂಜದೆ ತಪ್ಪಬಹುದಾದ, ತಪ್ಪಿದರೆ ಯಾರಿಗೂ ಹಾನಿಯಾಗದ ಸ್ಥಳವನ್ನು ಒದಗಿಸುವದು ಮೇಲ್ವಿಚಾರಕನ ಧರ್ಮ. ಅಲ್ಲಿ ಅಭ್ಯಾಸಮಾಡಿ ಕೈ ಕುದುರಿಸಿಕೊಳ್ಳುವದು ಕೆಲಸಗಾರನ ಧರ್ಮ.

ಆದ್ದರಿಂದ ಕಾರ್ಯಸ್ಥಾನಗಳ ಮೇಲ್ವಿಚಾರಣೆ ಮಾಡುವವರು ಕೆಲವು ನಿಯಮಗಳನ್ನು ಬಿಡಬಾರದು. ಒಬ್ಬರಿಗೆ ಒಂದೇ ಸ್ಥಾನ. ಇಬ್ಬರಿಗೆ ಒಂದು ಬೀಗದಕೈ ಸಲ್ಲದು. ಯಾವ ಉಪಕರಣ, ಯಾವ ಆವೃತ್ತಿ ಎಂಬ ಯಾದಿಯು ಭಂಡಾರದಲ್ಲಿಯೇ ಬರೆದಿರಬೇಕು. ಅಂದರೆ ಎಲ್ಲರ ಸ್ಥಾನವೂ ಒಂದೇ ತೆರನಾಗಿದ್ದು, "ನನ್ನಲ್ಲಿ ಸರಿಯಾಗಿಯೇ ನಡೆಯಿತಲ್ಲ" ಎಂಬ ವಾದಕ್ಕೆ ಎಡೆಯಿರದು. ರೈತನ, ಗಿರಾಕಿಯ, ರೋಗಿಯ ನಿಜವಾದ ಹೆಸರು-ವಿವರಗಳನ್ನು ಪ್ರಯೋಗಕ್ಕೆಂದು ಅಲ್ಲಿ ತಂದಿಡಲಾಗದು. ಕಲ್ಪಿತ ಹೆಸರುಗಳೇ ಸಾಕು. ವಾರಕ್ಕೊಮ್ಮೆ ಯಾದಿಯನ್ನು ತೆಗೆದು, ಯಾವ ಸ್ಥಾನವು ಯಾರದು, ಏತಕ್ಕೆ ತೆರೆದದ್ದು, ಕೊನೆಯ ಸಾರೆ ಎಂದು ಬಳಸಿದ್ದು ಎಂಬದನ್ನು ನೋಡಿ ಬೇಡವಾದದ್ದನ್ನು ಮುಚ್ಚಬೇಕು. ಕೆಲಸ ಬಿಟ್ಟವನ ಬೀಗದಕೈಯನ್ನು ಅದೇ ದಿನ ಮರಳಿ ಪಡೆಯಬೇಕು.

ಈ ಮುಚ್ಚುವ ನಿಯಮವು ಕೆಲಸಗಾರನಿಗೂ ಮಹತ್ವದ್ದು. ಗಿಟ್‌ಹಬ್ ಕಂಪನಿಯ ಕೋಡ್‌ಸ್ಪೇಸಸ್ ಎಂಬ ಕಾರ್ಯಸ್ಥಾನಗಳ ಸಾಮಾನ್ಯ ಕಟ್ಟಳೆಯಂತೆ, ೩೦ ನಿಮಿಷ ಕೈಯಾಡಿಸದಿದ್ದರೆ ಯಂತ್ರವು ತಾನೇ ನಿಲ್ಲುವದು; ನಿಂತ ಸ್ಥಾನವನ್ನು ೩೦ ದಿನ ಯಾರೂ ತೆರೆಯದಿದ್ದರೆ ಅದು ಅಳಿದೇಹೋಗುವದು. ನಿಂತರೂ ಅದು ಹಿಡಿದ ಜಾಗದ ಲೆಕ್ಕವು ಓಡುತ್ತಲೇ ಇರುವದು. ಭಂಡಾರಕ್ಕೆ ಒಪ್ಪಿಸದೆ ಪಾಟಿಯ ಮೇಲೆಯೇ ಬಿಟ್ಟ ಬರಹವು ಪಾಟಿಯೊಡನೆ ಅಳಿದರೆ ಯಾರನ್ನು ದೂರುವದು? ದಿನದ ಕೆಲಸವನ್ನು ಆ ದಿನವೇ ಭಂಡಾರಕ್ಕೆ ಒಪ್ಪಿಸುವದು ಮೇಲು.

ಈ ವ್ಯವಸ್ಥೆಯಿಂದ ನಮ್ಮ ಕಡೆಯ ಬಡ ವಿದ್ಯಾರ್ಥಿಗಳಿಗೆ ದೊಡ್ಡ ಲಾಭವುಂಟು. ೨೦೨೨ರ ನವೆಂಬರದಲ್ಲಿ ಅದೇ ಕೋಡ್‌ಸ್ಪೇಸಸ್ಸನ್ನು ಎಲ್ಲರಿಗೂ ತೆರೆದಾಗ, ಚಿಕ್ಕ ಯಂತ್ರವನ್ನು ತಿಂಗಳಿಗೆ ೬೦ ಗಂಟೆ ಹಣವಿಲ್ಲದೆ ಬಳಸಬಹುದೆಂದು ಸಾರಿದರು. ಹಾವೇರಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನವರೇ ಇರಲಿ, ರಾಣೆಬೆನ್ನೂರಿನ ತರಳಬಾಳು ಕಾಲೇಜಿನವರೇ ಇರಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ರೌಸರನ್ನು ತೆರೆದು ದೊಡ್ಡ ಊರಿನವರ ಸರಿಸಮನಾಗಿ ಅಭ್ಯಾಸ ಮಾಡಲು ಇದು ಒಳ್ಳೆಯ ಸಾಧನವು.

ಗೃಹಸ್ಥರಾದ ನಾವೂ ಇದರಲ್ಲಿ ಮಾಡತಕ್ಕದ್ದುಂಟು. ಮನೆಯಲ್ಲಿ ಕುಳಿತು ದುಡಿಯುವವರ ಗುಪ್ತಪದವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಗೊಡಬಾರದು. ತೆರೆದಿಟ್ಟ ಅವರ ಯಂತ್ರವನ್ನು ಮಕ್ಕಳ ಆಟಕ್ಕೆ ಕೊಡಬಾರದು. ಅವರು ಊಟಕ್ಕೆ ತುಸು ತಡಮಾಡಿ "ಇದೊಂದನ್ನು ಒಪ್ಪಿಸಿ ಬರುವೆನು" ಎಂದರೆ ಸಿಟ್ಟಾಗಲಾಗದು. ಕತ್ತಲಾಗುವ ಮೊದಲು ಕಣದ ರಾಶಿಯನ್ನು ಮನೆಗೆ ಸೇರಿಸುವ ಆತುರವನ್ನು ಬಲ್ಲ ಜನ ನಾವು. ಅವರ ಆತುರವೂ ಅದೇ ಜಾತಿಯದು.