ಸ್ಕಾಟ್ಲೆಂಡ್ ಮತ್ತೆ ಕೇಳಬಾರದೇಕೆ?

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಮತಗಟ್ಟೆಗಳಿಗೆ 16 ವರ್ಷದ ಹುಡುಗ ಹುಡುಗಿಯರೂ ಬಂದಿದ್ದರು. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ ಎಂಬುದೊಂದೇ ಪ್ರಶ್ನೆ. ಶೇ 84.6ರಷ್ಟು ಮತದಾನವಾಯಿತು. ಬೇಡ ಎಂದವರು ಶೇ 55.3, ಬೇಕು ಎಂದವರು ಶೇ 44.7. ಸ್ವಾತಂತ್ರ್ಯದ ಪರ ಹೋರಾಡಿದ, ಆಗಿನ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಸೋಲನ್ನು ಒಪ್ಪಿಕೊಂಡು, ಮರುದಿನವೇ ಪದತ್ಯಾಗದ ನಿರ್ಧಾರ ಪ್ರಕಟಿಸಿದರು.

ಆದರೆ ಆ ತೀರ್ಪಿನ ಹಿಂದೊಂದು ಭರವಸೆ ಇತ್ತು. ಬ್ರಿಟನ್ ಜೊತೆಗಿದ್ದರೆ ಮಾತ್ರ ಐರೋಪ್ಯ ಒಕ್ಕೂಟದಲ್ಲಿ ಉಳಿಯುವುದು ಖಚಿತ ಎಂದು ಸ್ವಾತಂತ್ರ್ಯ ಬೇಡವೆನ್ನುವವರು ಮತದಾರರಿಗೆ ಹೇಳಿದ್ದರು. ಎರಡೇ ವರ್ಷಕ್ಕೆ, ಬ್ರಿಟನ್ ಆ ಒಕ್ಕೂಟ ಬಿಡಬೇಕೆ ಎಂಬ ಬ್ರೆಕ್ಸಿಟ್ ಮತದಾನ ಬಂತು. ಸ್ಕಾಟ್ಲೆಂಡಿನ ಶೇ 62ರಷ್ಟು ಮತದಾರರು, ಅಲ್ಲಿನ 32 ಸ್ಥಳೀಯಾಡಳಿತ ಪ್ರದೇಶಗಳಲ್ಲಿ ಒಂದನ್ನೂ ಬಿಡದೆ, ಐರೋಪ್ಯ ಒಕ್ಕೂಟದಲ್ಲೇ ಇರೋಣ ಎಂದರು. ಆದರೂ ಹೊರಬರಬೇಕಾಯಿತು. ಪರಿಸ್ಥಿತಿ ಇಷ್ಟು ಬದಲಾದ ಮೇಲೆ ಜನರನ್ನು ಮತ್ತೊಮ್ಮೆ ಕೇಳುವುದು ಹಟಮಾರಿತನವಲ್ಲ, ನ್ಯಾಯ.

2021ರ ಚುನಾವಣೆಯಲ್ಲಿ ಎಡಿನ್‌ಬರೊ ಸಂಸತ್ತಿನ 129 ಸ್ಥಾನಗಳಲ್ಲಿ 72 ಸ್ಥಾನ ಸ್ವಾತಂತ್ರ್ಯವಾದಿಗಳಿಗೆ ಸಿಕ್ಕವು. ಮತ್ತೊಂದು ಜನಮತಗಣನೆ ನಡೆಸುವುದಾಗಿ ಹೇಳಿಯೇ ಅವರು ಮತ ಕೇಳಿದ್ದರು. 2022ರ ನವೆಂಬರ್ 23ರಂದು ಬ್ರಿಟನ್ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು: ವೆಸ್ಟ್‌ಮಿನ್‌ಸ್ಟರ್ ಸಂಸತ್ತು ಒಪ್ಪದೆ ಸ್ಕಾಟ್ಲೆಂಡಿನ ಸಂಸತ್ತು ಇಂಥ ಜನಮತಗಣನೆಗೆ ಕಾನೂನು ಮಾಡುವಂತಿಲ್ಲ. ನ್ಯಾಯಾಧೀಶರ ತಪ್ಪಿಲ್ಲ, ಸ್ಕಾಟ್ಲೆಂಡಿಗೆ ಸಂಸತ್ತು ಕೊಟ್ಟ 1998ರ ಕಾನೂನೇ ಹಾಗಿದೆ. ಆದರೆ ಲಂಡನ್ನಿನ ಆ 650 ಸದಸ್ಯರ ಸದನದಲ್ಲಿ ಆಗ ಸ್ಕಾಟ್ಲೆಂಡಿನವರು 59 ಮಂದಿ. ಅಷ್ಟೂ ಜನ ಒಂದೇ ದನಿಯಲ್ಲಿ ಕೇಳಿದರೂ ಉಳಿದವರು ತಲೆಯಾಡಿಸದಿದ್ದರೆ ಮಾತು ಅಲ್ಲಿಗೇ ಮುಗಿಯಿತು. 1707ರಲ್ಲಿ ಎರಡು ದೇಶಗಳು ಒಪ್ಪಂದದಿಂದ ಕೂಡಿದವು ಎನ್ನುವುದಾದರೆ, ಬಿಡುವ ಮಾತು ಎತ್ತುವ ಹಕ್ಕು ಒಬ್ಬರ ಕೈಯಲ್ಲಷ್ಟೇ ಇರುವುದು ಹೇಗೆ ಸರಿ?

ಸ್ವಾತಂತ್ರ್ಯವನ್ನು ವಿರೋಧಿಸುವವರ ವಾದಗಳೂ ಹಗುರವಲ್ಲ. ಯಾವ ಕರೆನ್ಸಿ, ಬಜೆಟ್ ಕೊರತೆ ತುಂಬುವುದು ಹೇಗೆ, ಇಂಗ್ಲೆಂಡಿನೊಂದಿಗೆ ಗಡಿ ಎದ್ದರೆ ವ್ಯಾಪಾರದ ಗತಿಯೇನು? ಇವೆಲ್ಲ ಮತದಾರ ತೂಗಿ ನೋಡಬೇಕಾದ ಸಂಗತಿಗಳು, ಮತಪೆಟ್ಟಿಗೆಯನ್ನೇ ತಡೆಹಿಡಿಯಲು ಕಾರಣಗಳಲ್ಲ. 2014ರದ್ದು ತಲೆಮಾರಿಗೊಮ್ಮೆ ಬರುವ ಅವಕಾಶ ಎಂದು ಸಾಲ್ಮಂಡ್ ಅವರೇ ಹೇಳಿದ್ದು ನಿಜ. ಪ್ರಚಾರದಲ್ಲಿ ಒಬ್ಬ ನಾಯಕ ಆಡಿದ ಮಾತು ಇಡೀ ಜನತೆಯನ್ನು ಕಟ್ಟಿಹಾಕಲಾರದು.

ದಾರಿ ಇಲ್ಲವೆಂದಲ್ಲ. ಮಾಂಟೆನೆಗ್ರೊಗೆ ಸರ್ಬಿಯಾ ಜೊತೆಗಿನ ಒಕ್ಕೂಟದ ಸನ್ನದಿನಲ್ಲೇ ಮೂರು ವರ್ಷಗಳ ನಂತರ ಹೊರಹೋಗಲು ಅವಕಾಶವಿತ್ತು. 2006ರ ಜನಮತಗಣನೆಯಲ್ಲಿ ಅದು ಶೇ 55ರ ಮಿತಿಯನ್ನು ಕೂದಲೆಳೆಯಲ್ಲಿ ದಾಟಿ ಸ್ವತಂತ್ರವಾಯಿತು, ಸರ್ಬಿಯಾ ಒಪ್ಪಿಕೊಂಡಿತು. 2024ರಲ್ಲಿ ಸ್ವಾತಂತ್ರ್ಯವಾದಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಲಂಡನ್ ಸಂಸತ್ತಿನಲ್ಲಿ 9 ಸ್ಥಾನಗಳಿಗೆ ಕುಸಿದಿದೆ, ಇನ್ನೇಕೆ ಈ ಚರ್ಚೆ ಎನ್ನುವವರಿದ್ದಾರೆ. ಆದರೆ ಬಿಸಿ ಆರಿರುವಾಗಲೇ ನಿಯಮ ಬರೆಯುವುದು ಸುಲಭ. ಬ್ರಿಟನ್ ದೂರ ಹೋಗಿ ಮಾದರಿ ಹುಡುಕಬೇಕಿಲ್ಲ. ಉತ್ತರ ಐರ್ಲೆಂಡಿನ ಬಹುಮತ ಬ್ರಿಟನ್ ಬಿಡಲು ಬಯಸುತ್ತಿರುವಂತೆ ಕಂಡರೆ ಸಚಿವರು ಜನಮತಗಣನೆ ನಡೆಸಲೇಬೇಕು, ಎರಡು ಜನಮತಗಣನೆಗಳ ನಡುವೆ ಕನಿಷ್ಠ ಏಳು ವರ್ಷ ಅಂತರವಿರಬೇಕು ಎಂದು ಅದೇ ವೆಸ್ಟ್‌ಮಿನ್‌ಸ್ಟರ್ ಅದೇ 1998ರಲ್ಲಿ ಕಾನೂನು ಮಾಡಿದೆ.