ನೈಟ್ ಡ್ಯೂಟಿ ಮುಗಿಸಿ – 14: ಕಚ್ಚೋ ಗಿಡದ ಪರವಾಗಿ ಒಂದು ಮಾತು

ನೆನಪಿದೆಯಾ, ಮಾರಿಯೋ ಗೇಮಲ್ಲಿ ಪೈಪಿನಿಂದ ಎದ್ದು ಕಚ್ಚೋಕೆ ಬರ್ತಿದ್ದ ಹಲ್ಲಿನ ಗಿಡ? ಅದೇ ಪಿರಾನ್ಹಾ ಪ್ಲಾಂಟ್. 1985ರಿಂದ ಅದು ಶತ್ರು. 1993ರಲ್ಲಿ ಜೆಲ್ಡಾ ಗೇಮಿಗೂ ಹೋಯ್ತು, ಅಲ್ಲೂ ಶತ್ರುವೇ. 2019ರಲ್ಲಿ ಮಾತ್ರ ಸ್ಮ್ಯಾಶ್ ಬ್ರದರ್ಸ್‌ನಲ್ಲಿ ನಾವೇ ಆಡಿಸೋ ಪಾತ್ರ ಆಯ್ತು, ಕುಂಡದ ಸಮೇತ!

‘ಇಷ್ಟೊಂದು ಹೀರೋಗಳಿರುವಾಗ ಇದ್ಯಾಕೆ?’ ಅಂತ ಆಗ ಹಲವರು ಗೊಣಗಿದ್ರು. ನನ್ನ ಮಗನಿಗೆ ಈಗ ಅದೇ ಬೇಕು. ನನ್ನ ಓಟೂ ಅದಕ್ಕೇ.

ಯಾಕಂದ್ರೆ, ಹಳೇ ಗೇಮಲ್ಲಿ ಪೈಪಿಗೆ ಅಂಟಿ ನಿಂತ್ರೆ ಆ ಗಿಡ ಮೇಲೇಳ್ತಾನೇ ಇರ್ಲಿಲ್ಲ. ವಾರ್ಡಲ್ಲಿ ಎಲ್ಲರ ಮೇಲೂ ರೇಗೋ ಅಜ್ಜನೂ ಹಾಗೇ. ಪಕ್ಕ ಹೋಗಿ ನಿಂತ್ರೆ ಅರ್ಧ ಸಿಟ್ಟು ಇಳಿಯುತ್ತೆ. ದೂರದಿಂದ ನೋಡಿ ಯಾರನ್ನೂ ವಿಲನ್ ಅನ್ನಬೇಡಿ.