ನಾಲಗೆ ತಡವರಿಸಿದರೆ ತಪ್ಪೇನು?

ಯೇಸುವಿನ ಬಗ್ಗೆ ಮಾತಾಡಲು ಹಿಂಜರಿಯುವವನಿಗೆ ವಿಶ್ವಾಸ ಸಾಲದು ಎಂದು ನಮ್ಮ ಸಭೆಗಳಲ್ಲಿ ಪದೇ ಪದೇ ಹೇಳುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ನಾನು ಕಂಡ ಹಿಂಜರಿಯುವವರಿಗೆ ದೇವರ ಮೇಲೆ ಅನುಮಾನವಿಲ್ಲ; ಅನುಮಾನವಿರುವುದು ತಮ್ಮ ನಾಲಗೆಯ ಮೇಲೆ.

ಮೋಶೆಯನ್ನೇ ನೋಡಿ. ತನಗೆ ಮಾತು ಬಾರದು ಎಂದು ದೇವರೆದುರು ವಾದಕ್ಕೇ ನಿಂತ. ದೇವರು ಅವನನ್ನು ಭಾಷಣಕಾರನನ್ನಾಗಿ ಮಾಡಲಿಲ್ಲ, ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ಹುಟ್ಟುಕುರುಡನಂತೂ ಫರಿಸಾಯರ ಮುಂದೆ ಗೊತ್ತಿಲ್ಲ ಎಂದೇ ಬಿಡುತ್ತಾನೆ. ಅವನಿಗೆ ಗೊತ್ತಿದ್ದದ್ದು ಕಣ್ಣು ಬಂದದ್ದು ಮಾತ್ರ. ನಮ್ಮ ತರಬೇತಿ ಶಿಬಿರಗಳಲ್ಲಾಗಿದ್ದರೆ ಅವನು ಖಂಡಿತ ಫೇಲ್!

ಈ ಶಿಬಿರಗಳ ಮೇಲೇ ನನ್ನ ಸಿಟ್ಟು. ಇಪ್ಪತ್ತು ಆಕ್ಷೇಪಣೆಗಳಿಗೆ ಇಪ್ಪತ್ತು ಉತ್ತರ ಬಾಯಿಪಾಠ ಮಾಡಿಸುತ್ತಾರೆ. ಇಪ್ಪತ್ತೊಂದನೆಯದರ ಭಯವನ್ನೂ ಜೊತೆಗೇ ಕಟ್ಟಿ ಕಳಿಸುತ್ತಾರೆ. ಪಕ್ಕದ ಮನೆಯವರೊಂದಿಗೆ ದಿನವೂ ಆಡುವ ಕನ್ನಡ ಬಿಟ್ಟು ಪ್ರಸಂಗದ ಕನ್ನಡ ಶುರು ಹಚ್ಚಿದರೆ ಹೇಳುವವನಿಗೂ ಮುಜುಗರ, ಕೇಳುವವರಿಗೂ. ಜರ್ಮನಿಯಿಂದ ಬಂದ ಕಿಟ್ಟೆಲ್ಲರಿಗೆ ಇದು ತಿಳಿದಿತ್ತು. 1894ರ ನಿಘಂಟಿಗೂ ಎಷ್ಟೋ ಮೊದಲೇ ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೇಳಿದರು.

2022ರ ಮತಾಂತರ ನಿಷೇಧ ಕಾನೂನಿನ ಹೆದರಿಕೆ ಬೇರೆ ಇದೆ, ಅಲ್ಲಗಳೆಯಲಾರೆ. ಸಂವಿಧಾನದ 25ನೇ ವಿಧಿ ಪ್ರಚಾರದ ಹಕ್ಕು ಕೊಟ್ಟಿದೆ. ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಗೆರೆಯಿಂದ ನನಗೆ ಬೇಸರವಿಲ್ಲ, ನಿರಾಳವೇ ಆಗಿದೆ. ಒಪ್ಪಿಸುವುದು ನನ್ನ ಪಾಲಿನ ಕೆಲಸವೇ ಅಲ್ಲವೆಂದ ಮೇಲೆ, ಎದುರಿನವರು ಒಪ್ಪದಿದ್ದರೆ ನಾನು ಸೋತದ್ದು ಹೇಗೆ? ಅವರು ಬೇಡವೆಂದರೆ ಚಹಾ ಕುಡಿಯುತ್ತಾ ಮಳೆ-ಬೆಳೆಯ ಮಾತಾಡುತ್ತೇವೆ.